ತೂತಿಲ್ಲದ ಕಡೆಯ ತೇಪೆ

ಮೂರನೆಯ ರೊಟ್ಟಿಯನ್ನು ಹಂಚಿನ ಮೇಲೆ ಹಾಕಿ ಅದರ ಮೈಗೆ ನೀರು ಸವರಲು ಸುಮನಬಾಯಿ ಕೈಯದ್ದುವಷ್ಟರಲ್ಲಿ ಮಗಳು ಅಡುಗೆಮನೆಯ ಹೊಸ್ತಿಲಲ್ಲಿ ಬಂದು ನಿಂತಳು. ಭಾನುವಾರ ಧನಶ್ರೀ ಬಿಸಿಲು ಅಂಗಳಕ್ಕೆ ಇಳಿಯುವ ತನಕ ಏಳುವವಳಲ್ಲ. ಇವತ್ತು ಥಂಡಿಗೆ ಎಚ್ಚರವಾಗಿರಬೇಕು, ಎದ್ದವಳೇ ಟ್ರಂಕು ತೆಗೆದು ತನ್ನ ಬದನೆಕಾಯಿ ಬಣ್ಣದ ಸ್ವೆಟರನ್ನು ಹುಡುಕಿ ತಂದಿದ್ದಳು. ತೊಟ್ಟುಕೊಂಡಿರಲಿಲ್ಲ. ಒಂದು ಕೈಯಲ್ಲಿ ಎತ್ತಿ ಹಿಡಿದಿದ್ದಳು. ಇನ್ನೊಂದು ಕೈಯ ತೋರುಬೆರಳು ಹಿಂಬದಿಯ ಕೊರಳಪಟ್ಟಿಯ ಒಳಗಿನಿಂದ ಹೊರಗೆ ಬಂದು ಗಾಳಿಯಲ್ಲಿ ಅಲ್ಲಾಡುತ್ತಿತ್ತು.

"ಹುಳಾ ತಿಂದಾವ ನೋಡವ್ವಾ," ಅಂದಳು.

ಸುಮನಬಾಯಿಗೆ ಮೊದಲು ಕಂಡದ್ದು ತೂತಲ್ಲ. ಕೊರಳಪಟ್ಟಿಯ ಒಳಗೆ, ಕತ್ತಿನ ಹಿಂಭಾಗಕ್ಕೆ ತಾಗುವ ಕಡೆ, ತಾನು ಏಳು ವರ್ಷದ ಹಿಂದೆ ಹಚ್ಚಿದ್ದ ಎರಡು ಬೆರಳಗಲದ ಕರಿ ತೇಪೆ ಒಂದು ಬದಿಯಲ್ಲಿ ಹೊಲಿಗೆ ಬಿಟ್ಟು ಜೋತಾಡುತ್ತಿತ್ತು. ಅದರ ಅಡಿಯಿಂದ ಕೆಂಪು ದಾರ ಇಣುಕುತ್ತಿತ್ತು. "ತಾ ಇಲ್ಲಿ," ಎಂದು ಹಿಟ್ಟಿನ ಕೈಯಲ್ಲೇ ಕಸಿದುಕೊಂಡಳು. ಕಸಿದುಕೊಂಡ ರಭಸಕ್ಕೆ ತನಗೇ ನಾಚಿಕೆಯಾಯಿತು. ಮಗಳು ಬೆರಳನ್ನು ಇನ್ನೂ ಹಾಗೇ ಚಾಚಿಕೊಂಡು ನಿಂತಿದ್ದಳು. ಹಂಚಿನ ಮೇಲೆ ರೊಟ್ಟಿ ಕರಕಾದ ವಾಸನೆ ಬಂತು. ಅದನ್ನು ತೆಗೆದು ಬದಿಗಿಟ್ಟು, ನಾಲ್ಕನೆಯದಕ್ಕೆ ಹಿಟ್ಟು ಮಿದಿಯುತ್ತ ಸುಮನಬಾಯಿ ಕಾದಳು. ಮೊಸರು ಯಾಕ ಹೆಪ್ಪಾಗ್ತದ, ಅಪ್ಪಾಜಿ ಶೆಡ್ಡಿನಾಗ ಲಾರಿಗಿ ಕಣ್ಣ ಯಾಕ ಬರೀತಾನ, ಕೋಟಿಯೊಳಗಿನ ರಾಜಾ ಎಲ್ಲಿ ಮಲಕೋತಿದ್ದ ಎಂದು ಉಸಿರಿಗೊಂದು ಕೇಳುವ ಹುಡುಗಿ. ಈಗ ಏನೂ ಕೇಳಲಿಲ್ಲ. ಕೇಳದೆ, ತಾಯಿಯ ತೊಡೆಯ ಮೇಲೆ ಮುದ್ದೆಯಾಗಿ ಬಿದ್ದ ಸ್ವೆಟರನ್ನು ಒಮ್ಮೆ, ತಾಯಿಯ ಮುಖವನ್ನು ಒಮ್ಮೆ ನೋಡಿ, ಹಲ್ಲುಜ್ಜಲು ಹೊರಗೆ ಹೋದಳು. ಹೋದ ವರ್ಷ ಒಂದನೆಯ ಇಯತ್ತೆಯಲ್ಲಿದ್ದಾಗ ಅವಳಿಗೆ ಅಕ್ಷರ ಒಂದೊಂದಾಗಿ ಬರುತ್ತಿದ್ದವು. ಈ ವರ್ಷ ಅಂಗಡಿಯ ಬೋರ್ಡು, ಲಾರಿಯ ಬೆನ್ನು, ಚಹಾಪುಡಿಯ ಪೊಟ್ಟಣ, ಕಂಡದ್ದನ್ನೆಲ್ಲ ಓದುತ್ತಾಳೆ.

ಏಳು ವರ್ಷದ ಹಿಂದಿನ ಆ ದಿನ ಹುಮನಾಬಾದಿನಲ್ಲಿ ತಾನು ಒಂದು ಮಾತೂ ಆಡಲಿಲ್ಲ ಎಂಬುದನ್ನು ಸುಮನಬಾಯಿ ಎಷ್ಟೋ ಸಲ ತನಗೆ ತಾನೇ ಹೇಳಿಕೊಂಡಿದ್ದಾಳೆ. ಸುಳ್ಳು ಹೇಳಲಿಲ್ಲ. ಹೂಂ ಅನ್ನಲಿಲ್ಲ, ಉಹೂಂ ಅನ್ನಲಿಲ್ಲ. ಭೂಕಂಪವಾಗಿ ಹತ್ತೋ ಹನ್ನೊಂದೋ ದಿನ. ಬೇಮಳಖೇಡದ ತವರಿನಲ್ಲಿ ಬಾಣಂತನ ಇನ್ನೂ ಮುಗಿದಿರಲಿಲ್ಲ. ಗಂಡ ಜ್ಞಾನೇಶ್ವರ, ಕಲ್ಯಾಣದ ಮನೆಯ ಗೋಡೆ ಬಿರುಕು ಬಿಟ್ಟಿದ್ದರೂ ನಿಂತಿದೆ, ಬಂದುಬಿಡು ಎಂದು ಹೇಳಿಕಳಿಸಿದ್ದ. ಮತ್ತೆ ನೆಲ ಅಲುಗೀತೆಂದು ಊರೆಲ್ಲ ಬಯಲಿನಲ್ಲೇ ಮಲಗುತ್ತಿದ್ದ ದಿನಗಳವು. ತಲೆಗೆ ಎಣ್ಣೆ ಕಾಣದೆ, ಸೀರೆಗೆ ಹೊಲದ ಧೂಳು ಮೆತ್ತಿ, ಎರಡು ತಿಂಗಳ ಕೂಸನ್ನು ಅಪ್ಪನ ಹಳೆಯ ಕಂಬಳಿಯ ತುಂಡಿನಲ್ಲಿ ಸುತ್ತಿಕೊಂಡು, ಹುಮನಾಬಾದಿನ ಬಸ್‌ಸ್ಟ್ಯಾಂಡಿನ ಹೊರಗೆ ರಸ್ತೆಯ ಬದಿಯಲ್ಲಿ ಅವಳು ಕುಳಿತಿದ್ದಳು. ಬಸವಕಲ್ಯಾಣದ ಬಸ್ಸು ಯಾವಾಗ ಬರುತ್ತದೆಂದು ಯಾರಿಗೂ ಗೊತ್ತಿರಲಿಲ್ಲ. ಹೈದರಾಬಾದಿನ ಕಡೆಯಿಂದ ಲಾರಿಯ ಮೇಲೆ ಲಾರಿ ಉಮರ್ಗಾದ ದಿಕ್ಕಿಗೆ ಹೋಗುತ್ತಿದ್ದವು. ಅವುಗಳಲ್ಲಿ ಗೋಧಿ ಚೀಲ, ಬ್ರೆಡ್ಡು, ಬಟ್ಟೆಯ ಗಂಟುಗಳು. ಅಂಥದೊಂದು ಲಾರಿ ಚಹಾಕ್ಕೆ ನಿಂತಿತು. ಅದರಿಂದ ಕನ್ನಡಕ ಹಾಕಿದ್ದ, ನಡುವಯಸ್ಸಿನ ಒಬ್ಬ ಹೆಂಗಸು ಇಳಿದು ಬಂದು, ಅರ್ಧ ಹಿಂದಿ ಅರ್ಧ ತೆಲುಗಿನಲ್ಲಿ ಏನೋ ಕೇಳಿದಳು. ಅದರಲ್ಲಿ ತಿಳಿದ ಮಾತು ಒಂದೇ, ಭೂಕಂಪಕ್ಕೆ ನೆಲಸಮವಾಗಿದ್ದ ಕಿಲ್ಲಾರಿ. ಆ ದಿನಗಳಲ್ಲಿ ಆ ಊರಿನ ಹೆಸರು ಯಾರ ಬಾಯಿಂದ ಬಂದರೂ ಅರ್ಥವಾಗುತ್ತಿತ್ತು. ನಿನ್ನ ಮನೆ ಬಿತ್ತೇ ಎನ್ನುವಂತೆ ಹೆಂಗಸು ಎರಡೂ ಅಂಗೈಯನ್ನು ಕೆಳಗೆ ಮಾಡಿ ತೋರಿಸಿದಳು. ಸುಮನಬಾಯಿ ಸುಮ್ಮನೆ ನೋಡಿದಳು. ಕೂಸು ಅತ್ತಿತು. ಹೆಂಗಸು ಓಡಿ ಹೋಗಿ ಲಾರಿಯ ಗಂಟಿನಿಂದ, ಕೂಸಿಗೆ ತೀರ ದೊಡ್ಡದಾದ ಈ ಸ್ವೆಟರನ್ನು ಎಳೆದು ತಂದು ಅವಳ ತೊಡೆಯ ಮೇಲಿಟ್ಟಳು. ಇಟ್ಟು ಅವಳ ಕೈ ಹಿಡಿದುಕೊಂಡು ಅತ್ತಳು. ಅವಳ ಕಣ್ಣೀರು ಸುಮನಬಾಯಿಯ ಹಸಿರು ಬಳೆಯ ಮೇಲೆ ಬಿತ್ತು. ಆಗಲಾದರೂ ಹೇಳಬಹುದಿತ್ತು. ಮನಿ ನಿಂತದ್ರೀ ಬಾಯಿ, ಇದು ಬಿದ್ದವರಿಗಿ ಕೊಡ್ರಿ ಎಂದು ಹೇಳಲು ತನಗೆ ಬರುವ ಮಾತುಗಳೇ ಸಾಕಾಗುತ್ತಿದ್ದವು. ಆದರೆ ತೊಡೆಯ ಮೇಲಿನ ಉಣ್ಣೆ ಬೆಚ್ಚಗಿತ್ತು. ಅಪ್ಪನ ಕಂಬಳಿ ಕೂಸಿನ ಕೆನ್ನೆಗೆ ಚುಚ್ಚಿ ಕೆಂಪು ಮಾಡಿತ್ತು, ಇದು ಚುಚ್ಚುತ್ತಿರಲಿಲ್ಲ. ಬಸ್ಸು ಬರುವ ಹೊತ್ತಿಗೆ ಲಾರಿ ಹೋಗಿಯಾಗಿತ್ತು. ಊರ ಹೊರಗಿನ ಹೆದ್ದಾರಿಯ ಬಂಗ್ಲಾ ಸ್ಟಾಪಿನಲ್ಲಿ ಬಸ್ಸಿನಿಂದ ಇಳಿಸಿಕೊಂಡ ಗಂಡ, ಇದೇನು ಎಂದು ಕೇಳಿದಾಗ ಅವಳು ಬಾಯಿ ಬಿಟ್ಟು ಹೇಳಿದಳು: "ಅಣ್ಣ ಕೊಟ್ಟಾನ. ಹೈದ್ರಾಬಾದಿಗಿ ಹೋಗಿದ್ದನಲ್ಲ, ತಂದಾನ."

ರೊಟ್ಟಿ ಮುಗಿಸಿ, ಒಲೆ ಸಾರಿಸಿ, ಮಗಳಿಗೆ ಹಾಲುರೊಟ್ಟಿ ಕಲಸಿ ಕೊಟ್ಟು, ಅಂಗಳದ ಬಿಸಿಲಿಗೆ ಹೊರಸು ಎಳೆದುಕೊಂಡು ಕುಳಿತಾಗ ಗಂಟೆ ಒಂಬತ್ತಾಗಿತ್ತು. ಜ್ಞಾನೇಶ್ವರ ಕತ್ತಲಿರುವಾಗಲೇ ಬಂಗ್ಲಾದ ಲಾರಿಬಾಡಿ ಕಟ್ಟುವ ಶೆಡ್ಡಿಗೆ ಹೋಗಿದ್ದ, ಅವನಿಗೆ ಭಾನುವಾರವಿಲ್ಲ. ಸುಮನಬಾಯಿ ಸೂಜಿಡಬ್ಬಿ ತೆಗೆದಳು, ಸುಟ್ಟುಹೋದ ಒಂದು ಬಲ್ಬು ತೆಗೆದಳು. ಸ್ವೆಟರನ್ನು ಬೆಳಕಿಗೆ ಎತ್ತಿ ಹಿಡಿದಳು. ತೂತು ಒಂದಲ್ಲ, ನಾಲ್ಕು. ಮೂರು ಸಾಸಿವೆಕಾಳಿನಷ್ಟು, ತೇಪೆಯ ಅಂಚಿನ ಸುತ್ತ. ಬೆರಳು ತೂರಿದ್ದ ನಾಲ್ಕನೆಯದು ತೇಪೆಯ ಹಿಂದೆ, ನಟ್ಟನಡುವೆ. ತೇಪೆಯ ಮೇಲೆ ಹೆಬ್ಬೆರಳು ಒತ್ತಿ ಹಿಡಿದುಕೊಂಡಿದ್ದಾಗಲೇ ಪಕ್ಕದ ಮನೆಯ ರಾಬಿಯಾ, ಮಗ ಕಾಸಿಂನ ಮಫ್ಲರನ್ನು ಹೆಗಲ ಮೇಲೆ ಹಾಕಿಕೊಂಡು ಬಂದಳು. ಈ ಓಣಿಯಲ್ಲಿ ಥಂಡಿ ಬಿದ್ದರೆ ಮಫ್ಲರು, ಶಾಲು, ಕಾಲುಚೀಲಗಳೆಲ್ಲ ಸುಮನಬಾಯಿಯ ಹೊರಸಿಗೆ ಬರುತ್ತವೆ.

"ಏನ್ ಸುಮನ್, ಭಾನುವಾರ ಮುಂಜಾನೀನೇ ದವಾಖಾನಿ ತೆರ್ದೀದಿ?" ರಾಬಿಯಾ ಹೊರಸಿನ ತುದಿಗೆ ಕುಳಿತು ಸ್ವೆಟರಿನ ಬೆನ್ನನ್ನು ಎಳೆದು ನೋಡಿದಳು. ಅವಳ ತಂದೆ ಕೋಟೆಯ ಹತ್ತಿರದ ಅಂಗಡಿಯಲ್ಲಿ ಹರಿದ ಬಟ್ಟೆಗೆ ರಫೂ ಹಾಕುವ ಕೆಲಸ ಮಾಡುತ್ತಿದ್ದವರು. ಅವಳ ಕಣ್ಣು ಬಟ್ಟೆಯನ್ನು ನೋಡುವುದೇ ಬೇರೆ. ತೂತಿನ ಅಂಚನ್ನು ಉಗುರಿನಿಂದ ಕೆರೆದಳು, ಉಗುರನ್ನು ಮೂಗಿಗೆ ಹಿಡಿದಳು. "ಇದು ಹುಳದ ತಪ್ಪಲ್ಲ. ನೀ ಏನರೆ ತಿನ್ನಾಕ ಇಟ್ಟೀದಿ ಇಲ್ಲಿ. ಏನ್ ಹಚ್ಚೀದಿ?"

"ಗಂಜಿ ರೀ ಆಪಾ. ಹುಣಸಿ ಬೀಜದ್ದು."

"ಯಾ ಅಲ್ಲಾ! ಸ್ವೆಟರಿಗಿ?" ರಾಬಿಯಾ ಎದೆಯ ಮೇಲೆ ಕೈಯಿಟ್ಟುಕೊಂಡು ನಕ್ಕಳು. "ಕುರಿ ಕಾಯೋ ಮಂದಿ ನೀವು. ಉಣ್ಣಿ ಕಂಡ್ರ ಸಾಕು, ಹಿಡದ ಗಂಜಿ ಕುಡಿಸ್ತೀರಿ!"

"ನಮ್ಮವ್ವ ಹಂಗೇ ಮಾಡ್ತಿದ್ಳ್ರಿ. ಗಟ್ಟಿ ಆಗ್ತದಂತ."

"ನಿಮ್ಮವ್ವ ಕಂಬಳಿಗಿ ಹಾಕ್ತಿದ್ಳು. ಕಂಬಳಿ ದಿನಾ ನಿಮ್ಮಪ್ಪನ ಹೆಗಲ ಮ್ಯಾಲ ಇರ್ತದ, ಬಿಸಲು ಗಾಳಿ ತಿಂತದ. ಹುಳಕ್ಕ ಪುರಸತ್ತೆಲ್ಲಿ? ಇದನ್ನ ನೀ ಒಂಬತ್ತ ತಿಂಗಳ ಟ್ರಂಕಿನ್ಯಾಗ ಹಾಕಿ ಮುಚ್ಚೀದಿ. ಹುಳಕ್ಕ ದಾವತ್ ಕೊಟ್ಟಂಗಾತು. ಬಿರ್ಯಾನಿ ಇಟ್ಟು ಬಾಗಲಾ ಹಾಕ್ದಂಗ."

ಸುಮನಬಾಯಿಯೂ ನಕ್ಕಳು. ಅವಳಿಗೆ ತವರಿನ ಹಿತ್ತಿಲು ಕಂಡಿತು. ಅವ್ವ ಹುರಿದ ಹುಣಸೆ ಬೀಜ ಕುಟ್ಟಿ, ಕುದಿಸಿ, ಅಂಟಂಟಾದ ಗಂಜಿಯನ್ನು ಚಾಚಿದ ಕಂಬಳಿಯ ಹಾಸಿನ ಮೇಲೆ ಸವರುತ್ತಿದ್ದುದು, ಆ ಹುಳಿ ಹುಳಿ ಬೆಚ್ಚನೆ ವಾಸನೆ. ಉಣ್ಣೆ ಎಂದರೆ ಗಂಜಿ ಬೇಕೇ ಬೇಕೆಂದು ಅವಳ ಕೈಗೆ ಯಾರೂ ಹೇಳಿಕೊಟ್ಟಿರಲಿಲ್ಲ, ಅದು ತಾನಾಗಿಯೇ ಬಂದಿತ್ತು. ತೇಪೆ ಎದ್ದು ಬರಬಾರದೆಂದು, ಅದರಡಿಯ ಹೆಸರಿನ ಕೆಂಪು ಅಕ್ಷರಗಳ ಉಬ್ಬು ಹೊರಗೆ ಕಾಣಬಾರದೆಂದು ಮೊದಲ ವರ್ಷ ಹಚ್ಚಿದಳು. ಒಗೆದರೆ ಹೋಗುತ್ತದೆಂದು ಪ್ರತಿ ವರ್ಷ, ಚಳಿಗಾಲ ಮುಗಿದು ಎತ್ತಿಡುವಾಗ, ಮತ್ತೆ ಹಚ್ಚಿದಳು. ಬೇರೆಲ್ಲೂ ಹಚ್ಚಲಿಲ್ಲ, ಆ ಎರಡು ಬೆರಳಗಲದಲ್ಲಿ ಮಾತ್ರ. ಹುಳವೂ ಅದರ ಆಸುಪಾಸು ಬಿಟ್ಟು ಬೇರೆಲ್ಲೂ ತಿಂದಿರಲಿಲ್ಲ.

"ಈ ಥಂಡಿಗಿ ನನಗ ಆ ವರ್ಷಾನೇ ನೆನಪಾಗ್ತದ ನೋಡು," ಎಂದು ರಾಬಿಯಾ ಶುರುಮಾಡಿದಳು. ಅವಳು ಪ್ರತಿ ಚಳಿಗಾಲ ಹೇಳುವ ಕಥೆ. ಭೂಕಂಪವಾದ ಮೇಲೆ ಓಣಿ ಓಣಿಯಲ್ಲಿ ಹುಡುಗರು ಅರಿವೆ ಕೂಡಿಸುತ್ತ ಬಂದದ್ದು, ಮನೆಯಲ್ಲಿದ್ದ ಒಂದೇ ಒಳ್ಳೆಯ ಕೌದಿಯನ್ನು ಅವಳು ಮಡಿಚಿ ಕೊಟ್ಟದ್ದು. "ಕೊಟ್ಟ ಮ್ಯಾಲ ನೆನಪಾತು, ನನ್ನ ಚಷ್ಮಾ ಕೌದಿ ಮಡಿಕ್ಯಾಗೇ ಹೋತು! ಯಾ ಊರಾಗ ಯಾರ ಮೂಗಿನ ಮ್ಯಾಲ ಕುಂತದೋ. ನಾ ಎರಡ ತಿಂಗಳ ಅಕ್ಕಿ ಹಸನ ಮಾಡಾಕ ಬರದೆ ಕಲ್ಲ ತಿನಸ್ದೆ ಮನಿ ಮಂದೀಗಿ." ಧನಶ್ರೀ ಹಾಲಿನ ಬಟ್ಟಲು ಹಿಡಿದುಕೊಂಡು ಕಟ್ಟೆಯ ಮೇಲೆ ಕುಳಿತು ಕಿಲಕಿಲ ನಕ್ಕಳು. ಸುಮನಬಾಯಿ ನಗುವಿನ ಜೊತೆ ನಗು ಸೇರಿಸಿದಳು. ಹೆಬ್ಬೆರಳ ಕೆಳಗಿನ ತೇಪೆ ಬಿಸಿಯಾದಂತೆ ಅನ್ನಿಸಿತು. ತನ್ನ ಕಥೆಯೇ ಹಾಸ್ಯ ಎಂದು ತಿಳಿದಿರುವ ಈ ಹೆಂಗಸು ಆ ಚಳಿಗಾಲವನ್ನು ಗೋಣಿತಾಟು ಹೊದ್ದು ಕಳೆದಿದ್ದಳು ಎಂಬುದನ್ನು ಆಗ ಸುಮನಬಾಯಿ ಕಣ್ಣಾರೆ ನೋಡಿದ್ದಳು. ಕೊಟ್ಟವರಿಗೆ ಕಥೆಯಿತ್ತು, ಹೇಳಿ ನಗಬಹುದಿತ್ತು. ತನ್ನ ಕಥೆಯನ್ನು ಮಾತ್ರ ಗಂಜಿ ಹಚ್ಚಿ ಅಂಟಿಸಿಡಬೇಕು. ಹೋದ ವರ್ಷ ಶಾಲೆಯ ಟೀಚರ್ ಬಾಯಿಯವರು ಧನಶ್ರೀಯ ಭುಜ ಸವರಿ, "ಎಷ್ಟ್ ಚಂದ ಹೆಣದೀರಿ, ನೀವೇ ಹೆಣದಿದ್ದೇನ್ರಿ?" ಎಂದು ಕೇಳಿದಾಗಲೂ ಅವಳು ಹೂಂ ಅನ್ನಲಿಲ್ಲ, ಉಹೂಂ ಅನ್ನಲಿಲ್ಲ. ಸೆರಗಿನಿಂದ ಬಾಯಿ ಒರೆಸಿಕೊಂಡು ನಕ್ಕಳು. ನಕ್ಕದ್ದನ್ನು ಅವರು ಹೂಂ ಎಂದುಕೊಂಡರು. ಸುಮ್ಮನಿರುವುದು ತನಗೆ ಎಷ್ಟು ಚೆನ್ನಾಗಿ ಬರುತ್ತದೆ ಎಂದು ಆ ದಿನ ಮನೆಗೆ ಬರುವ ದಾರಿಯುದ್ದಕ್ಕೂ ಅನ್ನಿಸಿತ್ತು.

ರಾಬಿಯಾ ಮಫ್ಲರು ಇಟ್ಟು ಎದ್ದಳು. ಹೋಗುತ್ತ ಹೇಳಿದಳು, "ಬಿಸಲಿಗಿ ಮೊದಲ ಚೆಂದಂಗ ಹಾಕು. ಹುಳದ ತತ್ತಿ ಉಳದಿದ್ರ ಬ್ರಶ್ಶಿಲೆ ಝಾಡಸು. ಆಮ್ಯಾಗ ಸೂಜಿ."

ಅದೂ ಮಾಡಿದಳು. ಹಲ್ಲುಜ್ಜುವ ಹಳೆಯ ಬ್ರಶ್ಶಿನಿಂದ ಒಳಹೊರಗು ಝಾಡಿಸಿ, ಹೊರಸಿನ ಮೇಲೆ ಹರವಿ, ಅಷ್ಟರಲ್ಲಿ ಭಾಂಡೆ ತಿಕ್ಕಿ, ನೀರು ತುಂಬಿ, ಮತ್ತೆ ಬಂದು ಕುಳಿತಾಗ ಧನಶ್ರೀ ಆಗಲೇ ಹೊರಸಿನ ಮೇಲೆ ಸ್ವೆಟರಿನ ಪಕ್ಕ ಮಂಡಿಯೂರಿ ಕುಳಿತಿದ್ದಳು. ಮುಟ್ಟಿರಲಿಲ್ಲ. ತೇಪೆಯ ಕಡೆಗೆ ನೋಡುತ್ತಿರಲಿಲ್ಲ. ಬೇಕೆಂದೇ ನೋಡುತ್ತಿಲ್ಲ ಎಂಬುದು ಸುಮನಬಾಯಿಗೆ ಸ್ಪಷ್ಟವಾಗಿತ್ತು. ಅವಳು ಉತ್ತರ ಸಿದ್ಧಮಾಡಿಟ್ಟುಕೊಂಡಿದ್ದಳು. ಯಾರ ಹೆಸರು ಎಂದರೆ, ಅಂಗಡಿಯದು. ತೇಪೆ ಯಾಕೆ ಎಂದರೆ, ನಿನ್ನ ಕತ್ತಿಗೆ ಚುಚ್ಚಬಾರದೆಂದು. ಮಾಮಾ ತಂದದ್ದಲ್ಲವೇ ಎಂದರೆ, ಹೌದು. ಮೂರೂ ಉತ್ತರಗಳು ನಾಲಿಗೆಯ ಮೇಲೆ ಸಾಲಾಗಿ ಕುಳಿತಿದ್ದವು, ಕೇಳುವವರಿರಲಿಲ್ಲ. ಮಗಳು ಕೇಳಿ ತಾನು ಸುಳ್ಳು ಹೇಳಿ ಅವಳು ನಂಬಿದರೆ ಒಂದು ಬಗೆ. ಕೇಳದೆಯೇ ಸುಮ್ಮನಿರುವುದನ್ನು ಈ ಹುಡುಗಿ ತನ್ನಿಂದಲೇ ಕಲಿಯುತ್ತಿದ್ದರೆ?

"ನನಗೂ ಕಲಿಸು," ಅಂದಳು ಧನಶ್ರೀ.

ಮೊದಲು ಸಣ್ಣ ತೂತಿನಿಂದ ಶುರುಮಾಡಿದರು. ಕೆಳಗಿನ ಅಂಚಿನ ಒಳಮಡಿಕೆಯಲ್ಲಿ, ಯಾರಿಗೂ ಕಾಣದ ಕಡೆ, ಹೆಣೆದವರು ಬಿಟ್ಟಿದ್ದ ಉದ್ದನೆಯ ದಾರದ ಬಾಲವನ್ನು ಸುಮನಬಾಯಿ ಬಿಡಿಸಿ ಕತ್ತರಿಸಿಕೊಂಡಳು; ಬಣ್ಣ ಬೇರೆ ಕಡೆ ಹುಡುಕಬೇಕಿಲ್ಲ, ಸ್ವೆಟರೇ ತನ್ನೊಳಗೆ ಇಟ್ಟುಕೊಂಡಿರುತ್ತದೆ. ದೊಡ್ಡ ಕಣ್ಣಿನ ಮೊಂಡ ಸೂಜಿಗೆ ಧನಶ್ರೀ ದಾರ ಪೋಣಿಸಿದಳು. ಬಲ್ಬನ್ನು ಒಳಗಿಟ್ಟು ತೂತನ್ನು ಅದರ ಗುಂಡು ಮೈಯ ಮೇಲೆ ತಂದಾಗ, ತೂತು ಕಣ್ಣು ಬಿಟ್ಟಂತೆ ತೆರೆದುಕೊಂಡಿತು. "ಅಂಚಿಗಿ ಶುರು ಮಾಡಬ್ಯಾಡ. ಅಂಚ ಸೋತಿರ್ತದ, ಕೈ ಹಾಕಿದ್ರ ಇನ್ನಾ ಬಿಡ್ತದ. ಎರಡ ಬೆರಳ ಹಿಂದಕ ಹೋಗು, ಎಲ್ಲಿ ಗಟ್ಟಿ ಅದ ಅಲ್ಲಿಂದ ಬಾ. ಹಾಂ. ಬಿಚ್ಚಿದ ಕುಣಿಕಿ ಕಾಣ್ತಾವಲ್ಲ, ಅವನ್ನ ಬಿಡಬ್ಯಾಡ, ಒಂದೊಂದೇ ಸೂಜೀಲೆ ಎತ್ತಕೋ. ಬಿಟ್ರ ಅವು ಕೆಳಗ ಓಡ್ತಾವ." ಉದ್ದಕ್ಕೆ ಎಳೆಗಳು ಬಿದ್ದವು, ಒಂದರ ಪಕ್ಕ ಒಂದು. ಧನಶ್ರೀ ಬಿಗಿಯಾಗಿ ಎಳೆದಳು. ತೂತು ಚೀಲದ ಬಾಯಿಯ ಹಾಗೆ ಮುದುಡಿತು. "ಜಗ್ಗಬ್ಯಾಡ ನನ್ನವ್ವಾ. ತಿರುಗೋ ಕಡೆ ಜರಾ ಸಡ್ಲ ಬಿಡು. ನೀರಿಗಿ ಬಿದ್ರ ಉಣ್ಣಿ ಮುದುಡ್ತದ, ಅದಕ್ಕೂ ಜಾಗಾ ಬೇಕು." ಮತ್ತೆ ಬಿಚ್ಚಿ, ಮತ್ತೆ ಹಾಕಿ. ಆಮೇಲೆ ಅಡ್ಡಕ್ಕೆ, ಒಂದು ಎಳೆಯ ಮೇಲೆ, ಒಂದರ ಕೆಳಗೆ, ಮರಳುವಾಗ ಮೇಲಿದ್ದುದರ ಕೆಳಗೆ. ಹಾಸು ಮತ್ತು ಹೊಕ್ಕು. ಸಾಸಿವೆಕಾಳಿನ ಜಾಗದಲ್ಲಿ ಒಂದು ಪುಟ್ಟ ಚಾಪೆ ಹುಟ್ಟಿತು, ಸ್ವಲ್ಪ ಸೊಟ್ಟಗೆ.

"ನಿನಗ ಯಾರ್ ಕಲ್ಸಿದ್ರು? ರಾಬಿಯಾ ಆಪಾನಾ?"

ಕೇಳಿದಳು! ಆದರೆ ಆ ಪ್ರಶ್ನೆಯಲ್ಲ. ಸುಮನಬಾಯಿ ಸ್ವೆಟರಿನ ಎಡತೋಳನ್ನು ತಿರುಗಿಸಿ ಮೊಣಕೈಯ ಕಡೆ ತೋರಿಸಿದಳು. "ಇದು."

ನಿಜವೇ. ಮೊದಲ ಚಳಿಗಾಲ, ಕೂಸು ಮಲಗಿದ್ದ ಮಧ್ಯಾಹ್ನಗಳಲ್ಲಿ ಟ್ರಂಕಿನಿಂದ ಸ್ವೆಟರು ತೆಗೆದು ನೋಡುತ್ತ ಕುಳಿತಿರುವಾಗ, ಎಡ ಮೊಣಕೈಯಲ್ಲಿ ಅಂಗೈ ಕುಳಿಯಷ್ಟು ಜಾಗದಲ್ಲಿ ಹೆಣಿಗೆ ಬೇರೆಯಾಗಿರುವುದು ಕೈಗೆ ತಿಳಿದಿತ್ತು. ಕಣ್ಣಿಗೆ ಕಾಣುತ್ತಿರಲಿಲ್ಲ. ಅದನ್ನು ಬೆಳಕಿಗೆ ಹಿಡಿದು, ಹಿಂದುಮುಂದು ಮಾಡಿ, ಸೂಜಿಯ ತುದಿಯಿಂದ ಒಂದೊಂದು ಎಳೆಯನ್ನು ಎತ್ತಿ ನೋಡಿ, ಎಲ್ಲಿ ಹೊಕ್ಕಿತು ಎಲ್ಲಿ ಹೊರಬಂತು ಎಂದು ಅವಳು ದಿನಗಟ್ಟಲೆ ಹಿಂಬಾಲಿಸಿದ್ದಳು. ಯಾವ ಊರಿನಲ್ಲೋ ಯಾವುದೋ ಹೆಂಗಸು, ಮೊಣಕೈ ಊರಿ ಓದುವ ಮಗುವಿಗಾಗಿ, ಹೀಗೇ ಬಿಸಿಲಿಗೆ ಕುಳಿತು ಮಾಡಿದ ಕೆಲಸ. ಅವಸರವಿರಲಿಲ್ಲ ಆ ಕೈಗೆ. ಮುಂದೆ ಗಂಡನ ಸ್ವೆಟರು, ಮಾವನ ಶಾಲು, ಓಣಿಯ ಮಫ್ಲರುಗಳು ಒಂದೊಂದಾಗಿ ಅವಳ ಕೈಗೆ ಬಂದಾಗಲೆಲ್ಲ ಈ ಮೊಣಕೈಯನ್ನು ಪಕ್ಕದಲ್ಲಿಟ್ಟುಕೊಂಡೇ ಕುಳಿತಳು. ತಪ್ಪಿದರೆ ಬಿಚ್ಚಿದಳು. ಸರಿಯಾದರೆ ಒಳಗೊಳಗೇ ಆ ಹೆಂಗಸಿಗೆ ತೋರಿಸಿದಳು: ನೋಡ್ರಿ, ಈಗ ಬರೋಬ್ಬರಿ ಆತೇನ್ರಿ? ಅವಳ ಮುಖ ಗೊತ್ತಿಲ್ಲ. ಲಾರಿಯಿಂದ ಇಳಿದ ಕನ್ನಡಕದ ಹೆಂಗಸಿನ ಮುಖವನ್ನೇ ಅವಳಿಗೂ ಕೊಟ್ಟಿದ್ದಳು. ಓಣಿಯಲ್ಲಿ ತನಗೊಂದು ಹೆಸರು, ಹೊರಸಿಗೆ ಬಂದು ಕೂರುವ ನಾಲ್ಕು ಜನ, ಬೆರಳುಗಳಿಗೆ ಒಂದು ಕೆಲಸದ ಧೈರ್ಯ, ಎಲ್ಲ ಈ ಮೊಣಕೈಯಿಂದಲೇ ಬಂದದ್ದು. ಇಷ್ಟು ಕೊಟ್ಟವಳಿಗೆ ಒಂದು ಮಾತು ಹೇಳಬೇಕೆಂದರೆ ಎಲ್ಲಿಗೆ ಹೋಗುವುದು?

ಮೂರು ಸಣ್ಣ ತೂತುಗಳು ಮುಚ್ಚಿದವು. ಇನ್ನು ದೊಡ್ಡದು. ಅದಕ್ಕೆ ತೇಪೆ ಬಿಚ್ಚಲೇಬೇಕು.

"ಧನಾ, ಅಂಗಡಿಗಿ ಹೋಗಿ ಚಹಾಪುಡಿ ತಗೊಂಡ್ ಬಾ. ನಿಮ್ಮಪ್ಪಾಜಿ ಬರೋ ಹೊತ್ತಾತು."

ಹುಡುಗಿ ಅವಳನ್ನೊಮ್ಮೆ ನೋಡಿ ಎದ್ದು ಹೋದಳು. ಅಪ್ಪ ಬರಲು ಇನ್ನೂ ಬೇಕಾದಷ್ಟು ಹೊತ್ತಿದೆ ಎಂದು ಇಬ್ಬರಿಗೂ ಗೊತ್ತಿತ್ತು. ಸುಮನಬಾಯಿ ಬ್ಲೇಡಿನಿಂದ ತೇಪೆಯ ಉಳಿದ ಹೊಲಿಗೆ ಬಿಡಿಸಿದಳು. ಒಣಗಿದ ಗಂಜಿ ಚೂರುಚೂರಾಗಿ ಮಡಿಲಿಗೆ ಉದುರಿತು. ಕೆಂಪು ದಾರದಲ್ಲಿ ಕಸೂತಿ ಮಾಡಿದ ಮೂರಕ್ಷರದ ಹೆಸರು. ತೆಲುಗು. ನಮ್ಮ ಅಕ್ಷರಗಳದೇ ಮೈಕಟ್ಟು, ಮದುವೆಮನೆಯಲ್ಲಿ ಕಂಡ ದೂರದ ನೆಂಟರ ಹಾಗೆ. ಮುಖ ಗುರುತಿದ್ದರೂ ಹೆಸರು ಬಾಯಿಗೆ ಬರುವುದಿಲ್ಲ. ಅವಳು ಅದನ್ನು ಓದಲು ಯಾವತ್ತೂ ಯತ್ನಿಸಿರಲಿಲ್ಲ. ಗಂಡ ಒಮ್ಮೆ, "ಇದೇನ್ ಬರದಾರ?" ಎಂದ ದಿನವೇ ತನ್ನ ಹಳೆಯ ಕುಪ್ಪಸದ ತುಂಡನ್ನು ಅದರ ಮೇಲೆ ಹೊಲಿದುಬಿಟ್ಟಿದ್ದಳು. ಅಲ್ಲಿ ತೂತಿರಲಿಲ್ಲ. ಈಗ ಇದೆ. ನಡುವಿನ ಅಕ್ಷರ ಇಲ್ಲವೇ ಇಲ್ಲ. ಅದಿದ್ದ ಕಡೆ ಬೆರಳು ತೂರುವಷ್ಟು ಬಯಲು. ಒಂದು ಮಗುವಿನ ಹೆಸರನ್ನು ಬಚ್ಚಿಟ್ಟು, ವರ್ಷವರ್ಷವೂ ತನ್ನ ಕೈಯಾರೆ ಹುಳಕ್ಕೆ ಉಣ್ಣಿಸಿದ್ದಳು. ಮೊದಲನೆಯದೂ ಕೊನೆಯದೂ ಉಳಿದಿದ್ದವು. ಅವನ್ನೂ ಎಳೆದು ತೆಗೆದರೆ ಮುಗಿಯಿತು. ತೇಪೆಯೇ ಬೇಡ, ಗಂಜಿಯೇ ಬೇಡ, ಮಗಳು ಚಹಾಪುಡಿ ತರುವಷ್ಟರಲ್ಲಿ ಆಗಿಹೋಗುವ ಕೆಲಸ.

ಸೂಜಿಯ ತುದಿಯನ್ನು ಕೊನೆಯ ಅಕ್ಷರದ ಅಡಿಗೆ ತೂರಿಸಿ ಎತ್ತಿದಳು. ಒಂದು ಹೊಲಿಗೆ ಸಡಿಲವಾಯಿತು. ಗಂಟು ಎಲ್ಲಿದೆಯೆಂದು ಒಳಬದಿಯಲ್ಲಿ ಹುಡುಕಿದಳು, ಗಂಟಿಲ್ಲ. ಹೊರಗೆ ತಿರುಗಿಸಿ ನೋಡಿದಳು, ಅಲ್ಲೂ ಇಲ್ಲ. ಕೊನೆಗೆ ಕಂಡಿತು. ಕೆಂಪು ದಾರದ ತುದಿಯನ್ನು ಕಸೂತಿ ಹಾಕಿದ ಆ ಹೆಂಗಸು ಗಂಟು ಹಾಕದೆ, ಬದನೆಕಾಯಿ ಬಣ್ಣದ ಕುಣಿಕೆಗಳ ಹೊಟ್ಟೆಯೊಳಗೆ ಒಂದೊಂದಾಗಿ ದಾಟಿಸಿ, ಬಲು ದೂರ ಒಯ್ದು, ಅಲ್ಲಿ ಬಿಟ್ಟಿದ್ದಳು. ಕತ್ತಿಗೆ ತಾಗುವ ಕಡೆ ಒಂದು ಕಾಳಿನಷ್ಟೂ ಚುಚ್ಚಬಾರದೆಂದು. ಸುಮನಬಾಯಿ ತನ್ನ ತೇಪೆಯನ್ನು ಎತ್ತಿ ನೋಡಿದಳು. ಅದರ ನಾಲ್ಕು ಮೂಲೆಗೂ ನಾಲ್ಕು ಗಂಟು, ಜೋಳದ ಕಾಳಿನಂಥವು. ಹೋದ ಚಳಿಗಾಲ ಶಾಲೆಯಿಂದ ಬಂದು ಧನಶ್ರೀ ಕತ್ತು ಕೆರೆದುಕೊಳ್ಳುತ್ತಿದ್ದಳು. ಬೆವರುಸಾಲೆ ಇರಬೇಕೆಂದುಕೊಂಡಿದ್ದಳು. ಚಳಿಗಾಲದಲ್ಲಿ ಬೆವರುಸಾಲೆ ಎಂದ ತನ್ನ ಪೆದ್ದುತನ ಈಗ ಹೊಳೆದು, ಅವಳು ತೇಪೆಯನ್ನು ಮುಷ್ಟಿಯಲ್ಲಿ ಹಿಡಿದುಕೊಂಡಳು. ಕಣ್ಣು ತುಂಬಿದ್ದವು. ನಾಚಿಕೆಯ ಜೊತೆಗೆ ಇನ್ನೊಂದೇನೋ ಬೆಚ್ಚಗೆ ಎದೆಗೆ ಏರುತ್ತಿತ್ತು. ಏಳು ವರ್ಷ ಅವಳು ಯಾರ ಕೈಕೆಲಸವನ್ನು ಬಚ್ಚಿಟ್ಟಿದ್ದಳೋ ಆ ಹೆಂಗಸು ಅವಳ ಮಗಳ ಕತ್ತಿಗೆ ಚುಚ್ಚದ ಹಾಗೆ ನೋಡಿಕೊಂಡಿದ್ದಳು. ಸೂಜಿಯನ್ನು ತಿರುಗಿಸಿ ಹಿಡಿದು, ಸಡಿಲವಾಗಿದ್ದ ಕೆಂಪು ಹೊಲಿಗೆಯನ್ನು ಒಂದೆಳೆ ಒಂದೆಳೆಯಾಗಿ ಮೊದಲಿನ ಜಾಗಕ್ಕೆ ಎಳೆದು ಕೂರಿಸಿದಳು.

ತಲೆ ಎತ್ತಿದಾಗ ಧನಶ್ರೀ ಎದುರಿಗೇ ಇದ್ದಳು, ಚಹಾಪುಡಿಯ ಪೊಟ್ಟಣವನ್ನು ಎದೆಗೆ ಒತ್ತಿಕೊಂಡು. ಯಾವಾಗ ಬಂದಳೋ. ಸುಮನಬಾಯಿಯ ಹೆಬ್ಬೆರಳು ತಾನಾಗಿಯೇ ಅಕ್ಷರಗಳ ಮೇಲೆ ಹೋಯಿತು. ಹೋದದ್ದನ್ನು ಕಂಡು, ಅದನ್ನು ಅಲ್ಲಿಂದ ತೆಗೆದು, ಕರಿ ತೇಪೆಯನ್ನು ಹೊರಸಿನ ಕೆಳಗೆ ಹಾಕಿ, ಪಕ್ಕದ ಜಾಗ ತಟ್ಟಿದಳು. "ಬಾ. ಇದು ದೊಡ್ಡದದ. ಇಬ್ಬರೂ ಹಾಕೋಣು."

ಧನಶ್ರೀ ಬಲ್ಬು ಹಿಡಿದಳು. ತಾಯಿ ಉದ್ದದ ಎಳೆಗಳನ್ನು ಹಾಕಿದಳು, ಮಗಳು ಅಡ್ಡದ್ದನ್ನು. ಕೆಂಪು ಅಕ್ಷರವೊಂದು ತೂತಿನ ಈಚೆ, ಇನ್ನೊಂದು ಆಚೆ. ಸೂಜಿ ಅವನ್ನು ಮುಟ್ಟದ ಹಾಗೆ ಬಳಸಿಕೊಂಡು ಹೋಗಬೇಕಿತ್ತು. ಒಂದು ಕಡೆ ಹುಡುಗಿ ಎರಡು ಎಳೆಗಳ ಮೇಲೆ ಹಾರಿಬಿಟ್ಟಳು. ಸುಮನಬಾಯಿಗೆ ಕಂಡಿತು. ಬಿಚ್ಚಿಸಲಿಲ್ಲ. ಬೀದಿಯಲ್ಲಿ ಕಾಸಿಂನ ಆಟೋ ಕೆಮ್ಮುತ್ತ ಶುರುವಾಯಿತು. ಅಂಗಳದ ಬಿಸಿಲು ಹೊರಸಿನ ಅರ್ಧದ ತನಕ ಸರಿದಿತ್ತು. ದಾರದ ತುದಿ ಬಂದಾಗ ಧನಶ್ರೀ ಗಂಟು ಹಾಕಲು ಹೊರಟಳು. "ಗಂಟ ಬ್ಯಾಡ," ಎಂದು ತಾಯಿ ಅವಳ ಕೈ ಹಿಡಿದು, ತುದಿಯನ್ನು ಕುಣಿಕೆಯಿಂದ ಕುಣಿಕೆಗೆ ದಾಟಿಸುವುದನ್ನು ತೋರಿಸಿದಳು. "ಹಿಂಗ. ದೂರ ಒಯ್ಯಿ. ಇನ್ನಾ ದೂರ."

ಮಗಳು ಹೊಸದಾಗಿ ತುಂಬಿದ ಜಾಗದ ಮೇಲೆ ಬೆರಳಾಡಿಸಿದಳು. ಆಮೇಲೆ ಈಚೆಯ ಅಕ್ಷರದ ಮೇಲೆ, ಆಮೇಲೆ ಆಚೆಯದರ ಮೇಲೆ. ಓದಲು ಹೊರಟಂತೆ ತುಟಿ ಅಲ್ಲಾಡಿತು. ಸ್ವೆಟರನ್ನು ತಲೆಯ ಮೇಲಿಂದ ಹಾಕಿಕೊಂಡು, ಕತ್ತನ್ನು ಆಚೆ ಈಚೆ ತಿರುಗಿಸಿ ನೋಡಿದಳು. ತೋಳು ಮಣಿಕಟ್ಟಿನ ತನಕ ಸರಿಯಾಗಿ ಬಂದಿತ್ತು. ಮುಂದಿನ ವರ್ಷ ಬರುವುದಿಲ್ಲ. ಸುಮನಬಾಯಿ ಕಾದಳು. ಅಂಗಡಿಯದು, ಚುಚ್ಚಬಾರದೆಂದು, ಹೌದು ಮಾಮಾನೇ ಎಂಬ ಮೂರು ಉತ್ತರಗಳನ್ನು ಹುಡುಕಿದಳು. ನಾಲಿಗೆಯ ಮೇಲೆ ಅವು ಇರಲಿಲ್ಲ. ಯಾರ ಹೆಸರು ಎಂದು ಕೇಳಿದರೆ, ಗೊತ್ತಿಲ್ಲ ನನ್ನವ್ವಾ ಎಂದು ಹೇಳುವುದು, ಹುಮನಾಬಾದಿನಿಂದ ಶುರುಮಾಡುವುದು. ಅಷ್ಟಕ್ಕೆ ಅವಳು ಅಣಿಯಾಗಿದ್ದಳು. ಧನಶ್ರೀ ಹೊರಸಿನಿಂದ ಇಳಿದು, ಅವಳ ಎರಡೂ ಮೊಣಕಾಲುಗಳ ನಡುವೆ ಬಂದು ನಿಂತು, ಅವಳ ಮುಖವನ್ನು ತೀರ ಹತ್ತಿರದಿಂದ ನೋಡಿದಳು.

"ಅವ್ವಾ," ಅಂದಳು, "ಇದು ನನ್ನ ಹತ್ರ ಅದಂತ ಈ ಹೆಸರಿನಾಕಿಗಿ ಗೊತ್ತದೇನು?"